ಒರಿಜಿನಲ್, ಅಸಲಿ, ಮೂಲ: ಹಳೇ ಸ್ಪೋರ್ಟ್ಸ್ ಕಾರಿಗೆ ಯಾವ ಮಾತು ಒಪ್ಪುತ್ತದೆ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಇಂಗ್ಲೆಂಡಿನಲ್ಲಿ. ಬಿಡುವಿದ್ದಾಗಲೆಲ್ಲ 1967ರ ಒಂದು ಎಂಜಿಬಿ ಕಾರಿನ ಕೆಲಸ ಮಾಡುತ್ತೇನೆ. ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಮೇಲೆ ಮಡಚುವ ಬಟ್ಟೆಯ ಟಾಪು. ಈ ಕೆಲಸದ ಬಗ್ಗೆ ಕನ್ನಡದಲ್ಲೇ ಬರೆಯೋಣ ಅಂತ ಕೂತಿದ್ದೇನೆ. ಒಂದೆರಡು ಮಾತುಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು 'ಒರಿಜಿನಲ್'. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ 'ಒರಿಜಿನಲ್ ಬೇಕಾ, ಡೂಪ್ಲಿಕೇಟ್ ಬೇಕಾ' ಅಂತ ಕೇಳಿದರೆ ಗೊಂದಲವೇ ಇಲ್ಲ. ಕಂಪನಿ ಮಾಲು ಬೇಕೋ, ಬೇರೆಯವರು ಮಾಡಿದ್ದು ಸಾಕೋ ಅಂತ ಅಷ್ಟೆ. ಹಳೇ ಕಾರು ಇಟ್ಟುಕೊಂಡವರ ಬಾಯಲ್ಲಿ ಇದಕ್ಕೆ ಇನ್ನೂ ಎರಡು ಅರ್ಥ ಸೇರಿಕೊಳ್ಳುತ್ತವೆ. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಈಗಲೂ ಹಾಗೇ ಇದೆ ಅನ್ನುವುದು ಒಂದು. ಅವತ್ತು ಕೂರಿಸಿದ ಭಾಗವೇ ಇವತ್ತಿಗೂ ಇದೆ ಅನ್ನುವುದು ಇನ್ನೊಂದು. ಈ ಎರಡರ ನಡುವೆ ಬಹಳ ದೂರ ಇದೆ.

ಎಂಜಿಬಿಗೆ ಲಾರಿಗಿರುವ ಹಾಗೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ಬಾಡಿಯೇ ಭಾರ ಹೊರಬೇಕು. ತಲೆಯ ಮೇಲೆ ಗಟ್ಟಿ ಛಾವಣಿ ಇಲ್ಲದ್ದರಿಂದ ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗಕ್ಕೆ ಕೆಲಸ ಜಾಸ್ತಿ. ಇಲ್ಲಿ ಅದನ್ನು 'ಸಿಲ್' ಅನ್ನುತ್ತಾರೆ. ನಾನು 'ಹೊಸ್ತಿಲು' ಅಂತಲೇ ಬರೆದಿದ್ದೇನೆ, ನಿಮಗೂ ಸರಿ ಅನ್ನಿಸುತ್ತದೆ ಅಲ್ವಾ? ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಹಾಗಾಗಿ ತುಕ್ಕು ಹೊಸ್ತಿಲಿಗೆ ಬೇಗ ಹಿಡಿಯುತ್ತದೆ. ಹೊರಗಿನ ತಗಡು ಕತ್ತರಿಸಿ ತೆಗೆದಾಗ ಒಳಗೆ ಸಿಕ್ಕಿದ್ದು ಹಿಂದೆ ಯಾರೋ ಹಾಕಿದ್ದ ತೇಪೆ, ತೇಪೆ ಕಾಣದಂತೆ ಮೆತ್ತಿದ್ದ ಪುಟ್ಟಿ. ದಪ್ಪ ಪುಟ್ಟಿ ಇರುವ ಕಡೆ ಅಯಸ್ಕಾಂತ ಅಂಟುವುದಿಲ್ಲ, ಅದನ್ನು ಹಿಡಿದುಕೊಂಡೇ ಹುಡುಕಬೇಕು. ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು. ಇಲ್ಲದಿದ್ದರೆ ಬಾಡಿ ನಡುವೆ ಜಗ್ಗುತ್ತದೆ, ಆಮೇಲೆ ಬಾಗಿಲು ಕೂರುವುದೇ ಇಲ್ಲ.

ಹೀಗೆ ಹೊಸ ಹೊಸ್ತಿಲು ಬೆಸೆದ ಕಾರು ಒರಿಜಿನಲ್ ಹೌದೋ ಅಲ್ಲವೋ? ಅಬಿಂಗ್ಡನ್‌ನಲ್ಲಿದ್ದ ಎಂಜಿ ಕಾರ್ಖಾನೆ 1980ರಲ್ಲೇ ಮುಚ್ಚಿತು. ಆದರೆ ಹಳೇ ಬ್ರಿಟಿಷ್ ಕಾರುಗಳಿಗೆ ಭಾಗ ಮಾಡುವ ಬ್ರಿಟಿಷ್ ಮೋಟಾರ್ ಹೆರಿಟೇಜ್ ಕಂಪನಿಯವರು 1988ರಿಂದ ಹಳೇ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಇಡೀ ಬಾಡಿಯನ್ನು ಹೊಸದಾಗಿ ಮಾಡಿ ಕೊಡಲು ಶುರು ಮಾಡಿದರು. ಹಳೇ ಇಂಜಿನ್ನು, ಗೇರ್‌ಬಾಕ್ಸನ್ನು ಅದರಲ್ಲಿ ಕೂರಿಸಬಹುದು. ಆಗ 'ಒರಿಜಿನಲ್' ಅನ್ನುವ ಮಾತು ಪೂರ್ತಿ ಕೈಕೊಡುತ್ತದೆ.

ಈ ಮಾತಿನ ಜಗಳ ಇಲ್ಲಿ ಕೋರ್ಟಿನವರೆಗೂ ಹೋಗಿತ್ತು. 'ಓಲ್ಡ್ ನಂಬರ್ ಒನ್' ಅನ್ನುವ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ರೇಸು ಗೆದ್ದಿತ್ತು. ರೇಸಿನಿಂದ ರೇಸಿಗೆ ಅದರ ಭಾಗಗಳು ಬದಲಾಗುತ್ತಲೇ ಬಂದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡರು. ಕಾರನ್ನು ಮತ್ತೆ ಕಟ್ಟಿದರು. ಬಹಳ ವರ್ಷಗಳ ನಂತರ ಅದನ್ನು ಭಾರಿ ಬೆಲೆಗೆ ಕೊಳ್ಳಲು ಒಪ್ಪಿದವರು, ಇದು ಆ ಕಾರೇ ಅಲ್ಲ ಅಂತ ಹಿಂದೆ ಸರಿದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು. 'ಒರಿಜಿನಲ್' ಅನ್ನುವ ಮಾತು ಇದಕ್ಕೆ ಸಲ್ಲುವುದಿಲ್ಲ, ಆದರೆ ಕಾರಿನ ಚರಿತ್ರೆ ಎಲ್ಲೂ ಕಡಿದುಹೋಗಿಲ್ಲ, ಆದ್ದರಿಂದ ಆ ಹೆಸರು ಅದಕ್ಕೇ ಸೇರಬೇಕು ಅನ್ನುವುದು ತೀರ್ಪಿನ ತಾತ್ಪರ್ಯ. ಕನ್ನಡದಲ್ಲಿ ಇದನ್ನು ಎಷ್ಟು ಸುಲಭವಾಗಿ ಹೇಳಬಹುದು ನೋಡಿ: ಅದು 'ಅಂಥದೇ' ಕಾರಲ್ಲ, 'ಅದೇ' ಕಾರು.

'ಅಸಲಿ' ನನಗೆ ಒಗ್ಗುವುದಿಲ್ಲ. ಅಸಲಿ ಅಂದ ತಕ್ಷಣ ಎಲ್ಲೋ ಒಂದು ನಕಲಿ ಇದೆ, ಯಾರೋ ಮೋಸ ಮಾಡಿದ್ದಾರೆ ಅನ್ನುವ ಧ್ವನಿ ಬಂದುಬಿಡುತ್ತದೆ. 'ಮೂಲ' ಕೇಳಲು ಚೆನ್ನ, ಆದರೆ ಮೇಲಿನ ಎರಡೂ ಅರ್ಥಗಳನ್ನು ಅದೂ ಬೆರೆಸುತ್ತದೆ. ಹಾಗಾಗಿ ಸದ್ಯಕ್ಕೆ ಹೀಗೆ ಬರೆಯುತ್ತಿದ್ದೇನೆ: ಕಂಪನಿಯವರೇ ಮಾಡಿದ ಭಾಗ 'ಕಂಪನಿ ಮಾಲು', ಕಾರ್ಖಾನೆಯಲ್ಲಿದ್ದ ಹಾಗೆ ಹೊಸದಾಗಿ ಮಾಡಿದ್ದು 'ಮೊದಲಿದ್ದಂತೆ', ಕಾರಿನ ಜೊತೆಗೇ ಬಂದದ್ದು 'ಹುಟ್ಟಿನದು'. ಹುಟ್ಟಿನ ಇಂಜಿನ್, ಹುಟ್ಟಿನ ಬಣ್ಣ. ಗ್ಯಾರೇಜಿನವರು ಬಣ್ಣಕ್ಕೆ 'ಕಂಪನಿ ಪೇಂಟ್' ಅನ್ನುತ್ತಾರೆ, ಅದೂ ನಡೆಯುತ್ತದೆ.

ಎರಡನೇ ಪ್ರಶ್ನೆ ರಿಸ್ಟೋರೇಷನ್ ಬಗ್ಗೆ, ಅಂದರೆ ಹಳೇ ಕಾರನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಕೆಲಸಕ್ಕೆ ಏನನ್ನಬೇಕು ಅಂತ. 'ರಿಪೇರಿ' ಸಣ್ಣದಾಯಿತು. 'ಪುನಶ್ಚೇತನ' ಕೆರೆಗಳಿಗೆ ಮೀಸಲಾದಂತಿದೆ. 'ಜೀರ್ಣೋದ್ಧಾರ' ಅರ್ಥದಲ್ಲಿ ಹತ್ತಿರದ್ದೇ. ಆದರೆ ಆ ಹೆಸರಿನಲ್ಲಿ ಹಳೇ ಕಲ್ಲಿನ ಗುಡಿಗಳ ಮೇಲೆ ಆಯಿಲ್ ಪೇಂಟ್ ಬಳಿದದ್ದನ್ನು, ಒಳಗೆ ಟೈಲ್ಸ್ ಹಾಸಿದ್ದನ್ನು ನೋಡಿ ನೋವಾಗಿದೆ. ಕಾರಿನಲ್ಲಿ ನಾನು ಮಾಡಬಾರದು ಅಂದುಕೊಂಡಿರುವುದೇ ಅದು. ನನ್ನ ಮನಸ್ಸಿನಲ್ಲಿರುವ ಮಾತು 'ಕೈಯಾಡಿಸು'. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಾರಲ್ಲ, ಎಲ್ಲ ಇಳಿಸಿ, ಒಡೆದದ್ದಷ್ಟೇ ಬದಲಿಸಿ, ಉಳಿದದ್ದನ್ನು ಅದರ ಜಾಗಕ್ಕೇ ಸೇರಿಸುವುದು, ಆ ಕೆಲಸದ ಹಾಗೆಯೇ ಇದು. 'ಕಾರು ಕೈಯಾಡಿಸಿದೆ' ಅಂದರೆ ನಿಮಗೆ ತಕ್ಷಣ ಅರ್ಥವಾಗುತ್ತದೆಯೇ, ಅಥವಾ ಸುಮ್ನೆ ಕೈಯಿಟ್ಟು ಕೆಡಿಸಿದ ಹಾಗೆ ಕೇಳಿಸುತ್ತದೆಯೇ?

ಇದು ಬರೀ ಹವ್ಯಾಸಿಗಳ ಚರ್ಚೆ ಅಂತಲೂ ಅಲ್ಲ. ಭಾರತದಲ್ಲಿ 2021ರಿಂದ 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಅಂತ ನೋಂದಾಯಿಸಲು ಬೇರೆಯೇ ನಿಯಮ ಬಂದಿದೆ, ನಂಬರಿನಲ್ಲಿ 'ವಿಎ' ಅಕ್ಷರ ಇರುತ್ತದೆ. ವಾಹನ ಮೊದಲಿನ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅನ್ನುವುದು ಷರತ್ತು. ತುಕ್ಕು ತೆಗೆದು ಅಂಥದೇ ತಗಡು ಹಾಕುವುದು ಬೇರೆ, ಬೇರೆ ಇಂಜಿನ್ ಕೂರಿಸುವುದು ಬೇರೆ. ಎರಡಕ್ಕೂ ಕನ್ನಡದಲ್ಲಿ ಒಂದೇ 'ಮಾರ್ಪಾಡು' ಬರೆದರೆ ಓದುವವರು ತಪ್ಪು ತಿಳಿಯುತ್ತಾರೆ.

ತೇರು ಕಟ್ಟುವವರು, ವೀಣೆ ಮಾಡುವವರು, ಹಳೇ ಮರದ ಮನೆಗಳ ಕೆಲಸದವರು ನಿಮ್ಮ ಕಡೆ ಇದ್ದರೆ ದಯವಿಟ್ಟು ಕೇಳಿ ತಿಳಿಸಿ. ಸವೆದ ಭಾಗ ಮಾತ್ರ ಬದಲಿಸಿ ಉಳಿದದ್ದನ್ನು ಕಾಪಾಡುವುದಕ್ಕೆ ಅವರು ಏನನ್ನುತ್ತಾರೆ? ಕರಾವಳಿ, ಮಲೆನಾಡು, ಉತ್ತರ ಕರ್ನಾಟಕದ ಮಾತುಗಳು ಬೇರೆ ಬೇರೆ ಇದ್ದರೆ ಊರಿನ ಹೆಸರನ್ನೂ ಬರೆಯಿರಿ.