ಪಾಲಂ ವಿಮಾನ ಮ್ಯೂಸಿಯಂಗೆ ಒಂದು ದಿನ ಇಡಬೇಕೇನು? ಹೋಗಿಬಂದವರು ಹೇಳ್ರಿ

ಹುಬ್ಬಳ್ಳಿ ಅವ್ವ: ಮಗನಿಗೆ ವಿಮಾನದ ಹುಚ್ಚು. ಮೇ ರಜೆಗೆ ದಿಲ್ಲಿಗೆ ಹೊಂಟೀವಿ. ಪಾಲಂನಾಗಿನ ವಾಯುಪಡೆ ಮ್ಯೂಸಿಯಂ ನೋಡ್ಬೇಕೋ, ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ ಸಾಕೋ? ಚೀಲ ಒಳಗ ಬಿಡ್ತಾರೇನು?

ರೆಕ್ಕೆಪುಕ್ಕ: ಮೇನಲ್ಲಿ ಮಾತ್ರ ಬೇಡಕ್ಕಾ. ಕರೋಲ್‌ಬಾಗ್‌ನಿಂದ ಟ್ಯಾಕ್ಸಿಯವನು 650 ಅಂದು 900 ಕಿತ್ಕೊಂಡ. ವಾಪಸ್ ಆಟೋ 480. ನೀರಿಗೆ 120, ಟೋಪಿ ಎರಡಕ್ಕೆ 300, ಸಂಜೆ ಮಗಳಿಗೆ ವಾಂತಿ, ಡಾಕ್ಟರಿಗೆ 700. ಬಯಲಲ್ಲಿರೋ ವಿಮಾನದ ಹತ್ರ ಮಧ್ಯಾಹ್ನ ನಿಲ್ಲೋಕಾಗಲ್ಲ. ಆದ್ರೆ ಹ್ಯಾಂಗರ್ ಒಳಗಿನ ಹಳೇ ವಿಮಾನ ವಾಪಿಟಿ ನೋಡಿ ಎಲ್ಲಾ ಮರೆತೆ. 1933ರಲ್ಲಿ ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್, ಅಂದ್ರೆ ತುಕಡಿ, ಶುರುವಾಗಿದ್ದು ಅಂಥ ನಾಲ್ಕು ವಿಮಾನದಿಂದ. ಸ್ಪಿಟ್‌ಫೈರ್, ಲೈಸಾಂಡರ್, ಜಪಾನಿನ ಆತ್ಮಾಹುತಿ ವಿಮಾನ ಓಹ್ಕಾ ಕೂಡ ಇದೆ. ರೆಕ್ಕೆ ಇರೋ ಬಾಂಬೇ ಅದು, ಚಕ್ರವೇ ಇಲ್ಲ.

ಮಾರುತಪ್ರಿಯ: ಅಷ್ಟು ದುಡ್ಡು ಸುರಿದು ದಿಲ್ಲಿಗೆ ಯಾಕೆ? ನಮ್ಮಪ್ಪ ವಿಮಾನಪುರದ ಎಚ್‌ಎಎಲ್‌ನಲ್ಲಿ ರಿವೆಟ್ ಹೊಡೆದು ಕಿವಿ ಮಂದ ಮಾಡ್ಕೊಂಡೋರು. ಎಚ್‌ಎಫ್-24 ಮಾರುತ ಯುದ್ಧವಿಮಾನ ಬೆಂಗಳೂರಲ್ಲೇ ಹುಟ್ಟಿದ್ದು, 17 ಜೂನ್ 1961ಕ್ಕೆ ಮೊದಲು ಹಾರಿದ್ದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆಯೇ ಒಂದು ನಿಂತಿದೆ. ನಾನು ಮಗನಿಗೆ ತೋರಿಸಿದ್ದು ಅದನ್ನೇ.

ಸತ್ಯವಾದಿ: ಅದೇ ಮಾರುತ ತಾನೆ, ಶಬ್ದದ ವೇಗದ ಎರಡು ಪಟ್ಟು ಹೋಗುತ್ತೆ ಅಂತ ಹೇಳಿ ಶಬ್ದದ ವೇಗ ಮುಟ್ಟೋಕೇ ಒದ್ದಾಡಿದ್ದು?

ಮಾರುತಪ್ರಿಯ: ಓದ್ಕೊಂಡು ಬನ್ನಿ ಸ್ವಾಮಿ. ಜರ್ಮನಿಯ ಎಂಜಿನಿಯರ್ ಕುರ್ಟ್ ಟ್ಯಾಂಕ್ ಮಾಡಿದ ವಿನ್ಯಾಸದಲ್ಲಿ ಏನೂ ಕೊರತೆ ಇರ್ಲಿಲ್ಲ. ತಕ್ಕ ಎಂಜಿನ್ ಸಿಗದೆ ಕಡಿಮೆ ಶಕ್ತಿಯ ಆರ್ಫಿಯಸ್ ಎಂಜಿನ್ ಹಾಕ್ಬೇಕಾಯ್ತು. 1971ರ ಯುದ್ಧದಲ್ಲಿ ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲೇ ವಾಪಸ್ ಬಂದ ಮಾರುತಗಳಿವೆ. ಆಗ ನೀವೆಲ್ಲಿದ್ರಿ?

ಸತ್ಯವಾದಿ: ಹುಟ್ಟಿರ್ಲಿಲ್ಲ. ಅದಕ್ಕೇ ಭಾವುಕನಾಗದೆ ಹೇಳ್ತಿದ್ದೀನಿ.

ಹಳೇಸಾಮಾನು: ಇಬ್ಬರೂ ಲಿಬರೇಟರ್ ಬಾಂಬರ್ ಮರೆತ್ರಿ. ಪಾಲಂನಲ್ಲಿ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಗೆ ಬಿಟ್ಟುಹೋಗಿದ್ದ ಬಾಂಬರ್‌ಗಳನ್ನ ಎಚ್‌ಎಎಲ್ ಪೈಲಟ್ ಜಮ್ಶೆಡ್ ಮುನ್ಷಿ ಹೇಗೋ ಬೆಂಗಳೂರಿಗೆ ಹಾರಿಸ್ಕೊಂಡು ಬಂದ್ರು. ಇಲ್ಲಿ ರಿಪೇರಿಯಾಗಿ 1968ರ ತನಕ ಸೇವೆಯಲ್ಲಿದ್ವು. ನಾನು ಅದನ್ನ ನೋಡೋಕೇ ರಜೆ ಹಾಕಿ, ರೈಲು ತಪ್ಪಿ, 7,400 ಕೊಟ್ಟು ವಿಮಾನದಲ್ಲಿ ಹೋದೆ. ಆಫೀಸಲ್ಲಿ ಇನ್ನೂ ನಗ್ತಾರೆ, ನಗಲಿ.

ಕಾರವಾರಿ: ಹುಬ್ಬಳ್ಳಿಯಿಂದ ಕಾರವಾರ ಹತ್ತಿರವಲ್ಲವೇ? ಕಡಲತೀರದಲ್ಲಿ ನೌಕಾಪಡೆಯ ಟ್ಯುಪೊಲೆವ್-142 ವಿಮಾನ ಇಟ್ಟಿದ್ದಾರೆ.

ಮಾರುತಪ್ರಿಯ: ರಷ್ಯಾದ್ದು ನೋಡೋಕೆ ಕಾರವಾರ, ನಮ್ಮದು ಅಂದ್ರೆ ತಾತ್ಸಾರ!

ಹುಬ್ಬಳ್ಳಿ ಅವ್ವ: ಅಣ್ಣಾರ, ಜಗಳ ಆಮ್ಯಾಲೆ ಮಾಡ್ರಿ. ಚೀಲ ಬಿಡ್ತಾರೇನು?

ಸತ್ಯವಾದಿ: ತಾತ್ಸಾರ ಅಲ್ಲ, ಲೆಕ್ಕ. ತಕ್ಕ ಎಂಜಿನ್ ಇಲ್ಲದೆ ವಿಮಾನ ಕಟ್ಟಿದ್ದು ಯಾರು ಹೇಳಿ.