ಕ್ಯಾಶ್ ಇದ್ದರೂ ಬೈನರಿ ಟ್ರಾನ್ಸ್‌ಲೇಟರ್ ನಿಧಾನ, ಯಾಕೆ?

ಪ್ರಶ್ನೆ: ಎಕ್ಸ್86 ಪ್ರೊಸೆಸರ್‌ನ ಪ್ರೋಗ್ರಾಮನ್ನು ಆರ್ಮ್ ಪ್ರೊಸೆಸರ್ ಮೇಲೆ ಓಡಿಸೋಕೆ, ಅದರ ಮಷೀನ್ ಕೋಡನ್ನು ತುಂಡು ತುಂಡಾಗಿ (ಬ್ಲಾಕ್) ಅನುವಾದಿಸುವ ಪುಟ್ಟ ಟ್ರಾನ್ಸ್‌ಲೇಟರ್ ಬರೆದಿದ್ದೇನೆ. ಅನುವಾದ ಆದ ಕೋಡ್ ಕ್ಯಾಶ್‌ನಲ್ಲೇ ಇರುತ್ತೆ, ಆದರೂ ಸಿಕ್ಕಾಪಟ್ಟೆ ನಿಧಾನ. ಪ್ರೊಫೈಲ್ ನೋಡಿದರೆ ಅರ್ಧ ಸಮಯ ಡಿಸ್ಪ್ಯಾಚರ್‌ನಲ್ಲೇ (ಮುಂದೆ ಯಾವ ಬ್ಲಾಕ್ ಓಡಿಸಬೇಕು ಅಂತ ಹುಡುಕುವ ಭಾಗ) ಹೋಗುತ್ತಿದೆ.

ಉತ್ತರ 1: ಬ್ಲಾಕ್ ಚೈನಿಂಗ್, ಅಂದರೆ ಬ್ಲಾಕ್‌ಗಳನ್ನು ಒಂದಕ್ಕೊಂದು ನೇರ ಜೋಡಿಸೋದು, ಮಾಡಿದ್ದೀರಾ? ಪ್ರತಿ ಬ್ಲಾಕ್ ಮುಗಿದಾಗಲೂ ಡಿಸ್ಪ್ಯಾಚರ್‌ಗೆ ವಾಪಸ್ ಬಂದರೆ ರಿಜಿಸ್ಟರ್‌ಗಳನ್ನು ಉಳಿಸಿ, ಹ್ಯಾಶ್ ಟೇಬಲ್ ಹುಡುಕಿ, ಮತ್ತೆ ತುಂಬಿಕೊಂಡು ಜಿಗಿಯಬೇಕು, ದುಬಾರಿ ಆಗೋದೇ ಅಲ್ಲಿ. ಗುರಿ ಮೊದಲೇ ಗೊತ್ತಿದ್ದರೆ ಕೊನೆಯ ಜಂಪನ್ನೇ ತಿದ್ದಿ ನೇರ ಮುಂದಿನ ಬ್ಲಾಕ್‌ಗೆ ಕಳಿಸಿ. ಕ್ಯೂಎಮು ಅನ್ನೋ ಎಮ್ಯುಲೇಟರ್ ಮಾಡೋದೂ ಇದನ್ನೇ.

ಪ್ರಶ್ನೆ ಕೇಳಿದವರು: ಅದು ಇದೆ. ತಲೆನೋವು ಇರೋದು ರೆಟ್‌ನಲ್ಲಿ (ಫಂಕ್ಷನ್ ಮುಗಿಸಿ ಕರೆದ ಜಾಗಕ್ಕೆ ಮರಳುವ ಇನ್‌ಸ್ಟ್ರಕ್ಷನ್).

ಉತ್ತರ 2: ರೆಟ್ ಇನ್‌ಡೈರೆಕ್ಟ್ ಜಂಪ್ (ಗುರಿ ಓಡುವಾಗಲಷ್ಟೇ ಗೊತ್ತಾಗೋದು) ಅಲ್ವಾ, ಒಂದೇ ಫಂಕ್ಷನ್ನನ್ನು ಹತ್ತು ಕಡೆಯಿಂದ ಕರೆದರೆ ಗುರಿಯೂ ಹತ್ತು. ಕಾಲ್ ಬಂದಾಗಲೇ ಮರಳಬೇಕಾದ ಗೆಸ್ಟ್ (ಎಕ್ಸ್86) ವಿಳಾಸ, ಅದಕ್ಕೆ ತಕ್ಕ ಹೋಸ್ಟ್ (ಆರ್ಮ್) ವಿಳಾಸ ಎರಡನ್ನೂ ನಿಮ್ಮದೇ ಬೇರೆ ಪಟ್ಟಿಗೆ, ಅಂದರೆ ಶ್ಯಾಡೋ ಸ್ಟ್ಯಾಕ್‌ಗೆ ಹಾಕಿಡಿ. ರೆಟ್‌ನಲ್ಲಿ ತಾಳೆ ನೋಡಿ, ಹೊಂದಿದರೆ ನೇರ ಜಿಗಿತ, ಇಲ್ಲದಿದ್ದರೆ ಮಾತ್ರ ಟೇಬಲ್. ಲಾಂಗ್‌ಜಂಪ್ (ಹಲವು ಫಂಕ್ಷನ್ ದಾಟಿ ಒಮ್ಮೆಗೇ ಹಿಂದಕ್ಕೆ ಹಾರೋದು) ಬಂದಾಗ ತಾಳೆ ತಪ್ಪುತ್ತೆ, ತಪ್ಪಲಿ ಬಿಡಿ.

ಉತ್ತರ 3: ಫ್ಲ್ಯಾಗ್‌ಗಳನ್ನೂ (ಫಲಿತಾಂಶ ಸೊನ್ನೆಯೇ, ಋಣವೇ ಇತ್ಯಾದಿ ಹೇಳುವ ಬಿಟ್‌ಗಳು) ನೋಡಿ. ಪ್ರತಿ ಆಡ್ (ಕೂಡಿಸುವ) ಇನ್‌ಸ್ಟ್ರಕ್ಷನ್‌ಗೂ 6 ಫ್ಲ್ಯಾಗ್ ಲೆಕ್ಕ ಹಾಕೋದು ಸುಮ್ನೆ ದಂಡ, ಎಷ್ಟೋ ಸಲ ಮುಂದಿನ ಇನ್‌ಸ್ಟ್ರಕ್ಷನ್ನೇ ಅವನ್ನೆಲ್ಲ ಅಳಿಸಿಬಿಡುತ್ತೆ. ಆಪರೇಂಡ್ (ಕೂಡಿಸಿದ ಸಂಖ್ಯೆಗಳು) ಇಟ್ಟುಕೊಂಡು, ಯಾರಾದರೂ ಕೇಳಿದಾಗ ಲೆಕ್ಕ ಹಾಕಿ.