ಹಳೇ ಪಾಪ್-ಟಾಪ್ ಕ್ಯಾಂಪರ್ ಟ್ರಕ್: ಮಳೆ ಬಂದರೆ ಮೂಲೆ ಒದ್ದೆ, ಎತ್ತಿದ ಛಾವಣಿ ನಿಲ್ಲುತ್ತಿಲ್ಲ

ಚಕ್ರದಮನೆ:
ಎಲ್ಲರಿಗೂ ನಮಸ್ಕಾರ. ಒಂದು ಹಳೇ ಕ್ಯಾಂಪರ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಬಹುದಾದ ಗಾಡಿ, ನೋಡಿಟ್ಟಿದ್ದೇನೆ. 1978ರ ಟೊಯೋಟಾ ಪಿಕಪ್, 20ಆರ್ ಎಂಜಿನ್. ಹಿಂದೆ ಫೈಬರ್ ಗ್ಲಾಸ್ ಬಾಡಿ, ಅದನ್ನು ಬೇರೆಯವರು ಕಟ್ಟಿದ್ದು. ಮೇಲೆ ಎತ್ತುವ ಛಾವಣಿ, ಸುತ್ತ ಕ್ಯಾನ್ವಾಸ್. ಛಾವಣಿಗೆ ಮುಂದೆ ಹಿಂಜ್, ಹಿಂದೆ ಎರಡು ಗ್ಯಾಸ್ ಸ್ಟ್ರಟ್, ಅಂದರೆ ಒಳಗಿನ ಗ್ಯಾಸ್ ಒತ್ತಡದಿಂದ ಛಾವಣಿಯನ್ನು ತಳ್ಳಿ ಹಿಡಿಯುವ ಕೊಳವೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಮಾತುಕತೆ ಆಗಿದೆ, ದುಡ್ಡು ಇನ್ನೂ ಕೊಟ್ಟಿಲ್ಲ.

ತೊಂದರೆ ಎರಡು. ಮಳೆ ಬಂದ ಮರುದಿನ ಒಳಗೆ ಮುಂದಿನ ಎಡ ಮೂಲೆ, ಅಂದರೆ ಮೇಲಿನ ಹಾಸಿಗೆಯ ತುದಿ, ಒದ್ದೆ ಇರುತ್ತದೆ. ಪ್ಲೈವುಡ್ ಮೇಲೆ ಕಂದು ಕಲೆ ಇದೆ. ಛಾವಣಿ ಮುಚ್ಚಿದ್ದರೂ ಹೀಗೇ. ಇನ್ನೊಂದು, ಛಾವಣಿ ಎತ್ತಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತದೆ. ಬೆಳಗಿನ ಚಳಿಯಲ್ಲಿ ಇನ್ನೂ ಜಾಸ್ತಿ. ಮಾರುವವರು "ಛಾವಣಿ ಸುತ್ತಲಿನ ರಬ್ಬರ್ ಬದಲಾಯಿಸಿ, ಎಲ್ಲ ಸರಿಹೋಗುತ್ತದೆ" ಅನ್ನುತ್ತಾರೆ. ರಬ್ಬರ್ ತರಿಸಿಬಿಡಲಾ? ಈ ಗಾಡಿ ತಗೋಬಹುದಾ?

ತುಕ್ಕುಶತ್ರು:
ರಬ್ಬರ್ ಈಗಲೇ ತರಿಸಬೇಡಿ. ಪಾಪ್-ಟಾಪ್ ಸೋರಿದರೆ ಎಲ್ಲರೂ ಮೊದಲು ಬೈಯುವುದು ಆ ರಬ್ಬರನ್ನೇ. ಛಾವಣಿಯ ಅಂಚು ಬಾಡಿಯ ಹೊರಗೆ ಇಳಿದು ಕೂರುತ್ತದೆ ಅಲ್ವಾ? ಹಾಗಿದ್ದರೆ ಮೇಲೆ ಬಿದ್ದ ನೀರು ಅಂಚಿನಿಂದ ನೇರ ಕೆಳಗೆ ಹೋಗುತ್ತದೆ. ರಬ್ಬರ್ ಕೆಲಸ ಗಾಳಿ, ಧೂಳು, ಎರಚಲು ತಡೆಯುವುದು. ಅದು ಗಟ್ಟಿಯಾಗಿದ್ದರೂ ನಿಂತ ಗಾಡಿಯೊಳಗೆ ಹಾಸಿಗೆ ಒದ್ದೆಯಾಗುವಷ್ಟು ನೀರು ಬರುವುದು ಕಡಿಮೆ.

ಹಳೇ ಕ್ಯಾಂಪರಿನಲ್ಲಿ ನೀರು ಬರುವುದು ತೂತುಗಳಿಂದ. ಸ್ಕ್ರೂ ಹೊಡೆದ ಜಾಗ, ಕಿಟಕಿ ಫ್ರೇಮ್, ಗಾಳಿ ಕಿಂಡಿ, ವೈರ್ ಒಳಗೆ ಹೋಗುವ ಜಾಗ. ಅದು ಕಾಣುವುದು ಮಾತ್ರ ಬೇರೆಲ್ಲೋ. ನೀರು ಒಳಗೋಡೆಯ ಹಿಂದೆ ಹರಿದು ತಗ್ಗು ಎಲ್ಲಿದೆಯೋ ಅಲ್ಲಿ ತೊಟ್ಟಿಕ್ಕುತ್ತದೆ. ಗಾಡಿ ನಿಂತ ನೆಲ ಎಡಕ್ಕೆ ವಾಲಿದ್ದರೆ ಬಲಗಡೆಯ ಸೋರಿಕೆಯೂ ಎಡ ಮೂಲೆಯಲ್ಲಿ ಕಾಣಬಹುದು.

ಮೊದಲು ಇದು ಸೋರಿಕೆಯೋ ಉಸಿರಿನ ತೇವವೋ ನೋಡಿ. ಒದ್ದೆಯಾಗುವ ಜಾಗ ಒರೆಸಿ ಒಣಗಿಸಿ, ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಬೆಳಗ್ಗೆ ಹಾಳೆಯ ಮೇಲೆ, ಕೋಣೆಯ ಕಡೆ ಹನಿ ಇದ್ದರೆ ಒಳಗಿನ ಗಾಳಿಯ ತೇವ. ಹಾಳೆಯ ಹಿಂದೆ, ಮರದ ಕಡೆ ಇದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ.

ಆಮೇಲೆ ಪೈಪ್ ಪರೀಕ್ಷೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಬೇಕು. ಹೊರಗಿನವರು ಕೆಳಗಿನಿಂದ ಶುರು ಮಾಡಬೇಕು. ಇದು ಮುಖ್ಯ. ಮೇಲಿಂದ ನೀರು ಬಿಟ್ಟರೆ ಎಲ್ಲ ಕಡೆ ಒಟ್ಟಿಗೆ ನೆನೆದು ಏನೂ ಗೊತ್ತಾಗುವುದಿಲ್ಲ. ಮೊದಲು ಮುಂದಿನ ಕಿಟಕಿಯ ಕೆಳ ಅಂಚು, ಆಮೇಲೆ ಪಕ್ಕದ ಅಂಚು, ಆಮೇಲೆ ಅದರ ಮೇಲಿರುವುದು. ಒಂದೊಂದು ಕಡೆ ಐದು ನಿಮಿಷವಾದರೂ ಸುಮ್ನೆ ನೀರು ಹರಿಯಲಿ. ಒತ್ತಡದ ವಾಷರ್ ಬೇಡ. ಅದು ಚೆನ್ನಾಗಿರುವ ಜಾಗದಲ್ಲೂ ನೀರು ನುಗ್ಗಿಸುತ್ತದೆ.

ಹತ್ತರ ಸ್ಪ್ಯಾನರ್:
ಛಾವಣಿ ವಿಷಯಕ್ಕೆ ಬಂದರೆ, ಚಳಿಯಲ್ಲಿ ಇಳಿಯುವುದು ಸ್ಟ್ರಟ್ ದುರ್ಬಲ ಅನ್ನುವುದರ ಗುರುತು. ಒಳಗಿರುವುದು ಒತ್ತಡದ ನೈಟ್ರೋಜನ್. 10 ಡಿಗ್ರಿ ತಣ್ಣಗಾದರೆ ತಳ್ಳುವ ಬಲ ಸುಮಾರು 3.5 ಪರ್ಸೆಂಟ್ ಇಳಿಯುತ್ತದೆ. ಸರಿಯಾದ ಸ್ಟ್ರಟ್ಟಿಗೆ ಅದು ಲೆಕ್ಕಕ್ಕಿಲ್ಲ, ಅಂಚಿನಲ್ಲಿರುವುದಕ್ಕೆ ಸಾಕು.

ಸ್ಟ್ರಟ್ ಮೈಮೇಲೆ ಒಂದು ಸಂಖ್ಯೆ, ಪಕ್ಕದಲ್ಲಿ ನ್ಯೂಟನ್ನಿನ ಎನ್ ಅಕ್ಷರ ಇರುತ್ತದೆ. ಎಷ್ಟಿದೆ? ಛಾವಣಿ ಮೇಲೆ ಹಿಂದಿನ ಮಾಲೀಕರು ಏನಾದರೂ ಹೊರಿಸಿದ್ದಾರಾ?

ಚಕ್ರದಮನೆ:
ಸ್ಟ್ರಟ್ ಮೇಲೆ 250 ಎನ್ ಅಂತಿದೆ. ಮೇಲೆ ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಸೋಲಾರ್ ಪ್ಯಾನೆಲ್.

ಹಾಳೆಯ ಹಿಂದೆ ನೀರು ಸಿಕ್ಕಿತು, ಅಂದರೆ ಸೋರಿಕೆಯೇ. ಪೈಪ್ ಪರೀಕ್ಷೆಯಲ್ಲಿ ಕಿಟಕಿಯ ಸುತ್ತ ಏನೂ ಬರಲಿಲ್ಲ. ಅದರ ಮೇಲೆ ಹಳದಿ ಗುರುತು ದೀಪಗಳಿವೆ. ಎಡಗಡೆಯ ದೀಪಕ್ಕೆ ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಒಳಗಿದ್ದ ನನ್ನ ತಮ್ಮ ಕೂಗಿದ. ದೀಪ ಬಿಚ್ಚಿದೆ. ಹಿಂದಿನ ಫೋಮ್ ಗ್ಯಾಸ್ಕೆಟ್ ಬೆರಳು ತಾಗಿದರೆ ಪುಡಿಯಾಗುತ್ತದೆ. ಎರಡು ಸ್ಕ್ರೂಗಳಲ್ಲಿ ಒಂದಕ್ಕೆ ಹಿಡಿತವೇ ಇಲ್ಲ, ಬೆರಳಲ್ಲೇ ತಿರುಗಿ ಬಂತು. ವೈರ್ ತೂತು ಹೆಬ್ಬೆರಳು ಹೋಗುವಷ್ಟು ದೊಡ್ಡದು. ತಾಮ್ರ ಹಸಿರಾಗಿದೆ, ವೈರ್ ಉದ್ದಕ್ಕೂ ಒಣಗಿದ ಕಂದು ಗೆರೆ. ಸುತ್ತ ಮೂರು ಬಣ್ಣದ ಸಿಲಿಕೋನ್ ಮೆತ್ತಿದ್ದಾರೆ.

ತುಕ್ಕುಶತ್ರು:
ಸಿಕ್ಕಿತಲ್ಲ ಕಳ್ಳ. ಆ ವೈರೇ ನೀರಿಗೆ ದಾರಿ. ಮೂರು ಬಣ್ಣದ ಸಿಲಿಕೋನ್ ಅಂದರೆ ಸೋರಿಕೆ ಬಹಳ ಹಳೆಯದು, ಮಾರುವವರಿಗೂ ಹೊಸ ಸುದ್ದಿ ಏನಲ್ಲ.

ಗ್ಯಾಸ್ಕೆಟ್ ಸಣ್ಣ ಕೆಲಸ. ಗಾಡಿ ತಗೋಬೇಕಾ ಬೇಡವಾ ಅನ್ನುವುದು ಒಳಗಿನ ಮರದ ಮೇಲೆ ನಿಂತಿದೆ. ಅದನ್ನು ನೋಡದೆ ದುಡ್ಡು ಕೊಡಬೇಡಿ. ಬಹಳ ಜನ ಎಂಜಿನ್ ಶಬ್ದ ಕೇಳಿ ಗಾಡಿ ತಗೊಳ್ಳುತ್ತಾರೆ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಹಾಸಿಗೆ ಹೊತ್ತಿರುವ ಮರ ಕೊಳೆತಿದ್ದರೆ ಬಾಡಿಯ ಮುಂಭಾಗವನ್ನೇ ಬಿಚ್ಚಬೇಕು.

ಮರಗೆಲಸ:
ಮರ ನೋಡುವ ರೀತಿ ಹೇಳುತ್ತೇನೆ. ಸ್ಕ್ರೂಡ್ರೈವರ್ ಹಿಡಿಯಿಂದ ಒಳಗೋಡೆಯನ್ನು ಒಂದು ಗೇಣು ಬಿಟ್ಟು ಒಂದು ಗೇಣು ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಕ್ ಅನ್ನುತ್ತದೆ, ಕೊಳೆತದ್ದು ದಪ್ ಅನ್ನುತ್ತದೆ. ದಪ್ ಅಂದ ಜಾಗವನ್ನೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದು ಗುರುತು ಮಾಡಿ. ಮಾಲೀಕರ ಒಪ್ಪಿಗೆ ಕೇಳಿ, ಕಾಣದ ಕಡೆ ದಬ್ಬಳ ಚುಚ್ಚಿ ನೋಡಿ. ಆಳಕ್ಕೆ ಸಲೀಸಾಗಿ ಇಳಿದರೆ ಆ ತುಂಡು ಹೋಯಿತು. ಹೆಚ್ಚು ಗಮನ ಮೂರು ಕಡೆ ಇರಲಿ: ದೀಪದ ಕೆಳಗಿನ ಮೂಲೆ, ಹಾಸಿಗೆ ಹೊರುವ ಅಡ್ಡ ತೊಲೆ, ಛಾವಣಿ ಹಿಂಜ್ ಸ್ಕ್ರೂ ಕಚ್ಚಿರುವ ಮರ. ಹಿಂಜ್ ಜಾಗ ಮೆತ್ತಗಿದ್ದರೆ ನಾನಾದರೆ ಆ ಗಾಡಿ ಮುಟ್ಟುವುದಿಲ್ಲ.

ಚಕ್ರದಮನೆ:
ತಟ್ಟಿದೆ, ಚುಚ್ಚಿದೆ. ಹಿಂಜ್ ಮತ್ತು ಅಡ್ಡ ತೊಲೆ ಗಟ್ಟಿ. ಮೂಲೆಯಲ್ಲಿ ಊಟದ ತಟ್ಟೆಯಷ್ಟು ಅಗಲದ ಪ್ಲೈ ಮೆತ್ತಗಿದೆ, ಅದರ ಹಿಂದಿನ ಫೋಮ್ ಹಿಂಡಿದರೆ ನೀರು ಬರುತ್ತದೆ. ಈ ಗುರುತುಗಳನ್ನೆಲ್ಲ ತೋರಿಸಿದ ಮೇಲೆ ಅವರು ರೇಟ್ ಇಳಿಸಿದರು. ಗಾಡಿ ತಗೊಂಡೆ. ಈಗ ಮೂಲೆ ಹೇಗೆ ಸರಿಮಾಡಲಿ? ಮೆತ್ತಗಿನ ಮರಕ್ಕೆ ಕುಡಿಸುವ ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿ ಮಾಡುವ ಗಟ್ಟಿ ಅಂಟು) ಸಾಕಾಗುತ್ತಾ?

ಮರಗೆಲಸ:
ಅದು ಹೊರಮೈ ಗಟ್ಟಿ ಮಾಡುತ್ತದೆ, ಹೋದ ಬಲ ವಾಪಸ್ ಬರುವುದಿಲ್ಲ. ಕತ್ತರಿಸಿ ತೆಗೆಯಿರಿ. ಕಲೆ ಮುಗಿದ ಮೇಲೂ ಸ್ವಲ್ಪ ಮುಂದೆ ಹೋಗಿ ಬಿಳಿ ಮರ ಕಾಣುವವರೆಗೆ. ನೀರು ಕುಡಿದ ಫೋಮ್ ಎಸೆಯಿರಿ, ಅದು ಗೋಡೆಯೊಳಗೆ ಒಣಗುವುದಿಲ್ಲ. ಆಮೇಲೆ ಬಾಡಿಯನ್ನು ಚೆನ್ನಾಗಿ ಒಣಗಲು ಬಿಡಿ. ಅವಸರ ಮಾಡಿ ಒದ್ದೆ ಮರದ ಮೇಲೆ ಮುಚ್ಚಿದರೆ ಮತ್ತೆ ಅದೇ ಕಥೆ.

ಹೊಸ ಪ್ಲೈ ಅಂಚನ್ನು ಇಳಿಜಾರಾಗಿ ತೀಡಿ ಹಳೆಯದರ ಮೇಲೆ ಕೂರಿಸಿ. ದಪ್ಪದ 8 ಪಟ್ಟು ಉದ್ದದ ಇಳಿಜಾರು ಇರಲಿ, ಅಂದರೆ 6 ಮಿಲಿಮೀಟರ್ ಪ್ಲೈಗೆ ಸುಮಾರು 5 ಸೆಂಟಿಮೀಟರ್. ಅಂಟಿಸಲು ಎಪಾಕ್ಸಿ. ಫೈಬರ್ ಗ್ಲಾಸಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಮರಕ್ಕೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಫೈಬರ್ ಉಜ್ಜುವಾಗ ಮಾಸ್ಕ್ ಮರೆಯಬೇಡಿ.

ಸ್ಕ್ರೂ ತೂತಿಗೆ ಒಂದು ಉಪಾಯ. ತೂತನ್ನು ಬೇಕಂತಲೇ ದೊಡ್ಡದು ಮಾಡಿ, ಗಟ್ಟಿಯಾಗಿ ಕಲಸಿದ ಎಪಾಕ್ಸಿ ತುಂಬಿ. ಪೂರ್ತಿ ಒಣಗಿದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ. ಮುಂದೆ ಎಂದಾದರೂ ನೀರು ಬಂದರೂ ಮರಕ್ಕೆ ತಾಗುವುದಿಲ್ಲ. ವೈರ್ ತೂತಿಗೂ ಇದೇ ಮಾಡಿ, ವೈರ್ ಗಾತ್ರಕ್ಕೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ಹೊರಗೆ ದೀಪದ ಹತ್ತಿರ ವೈರ್ ಕೆಳಗೆ ಬಾಗಿ ಆಮೇಲೆ ಮೇಲೇರಿ ಒಳಗೆ ಹೋಗಲಿ. ಆಗ ನೀರು ಬಾಗಿದ ಕಡೆಯೇ ಉದುರುತ್ತದೆ.

ತುಕ್ಕುಶತ್ರು:
ದೀಪ ಕೂರಿಸಲು ಬ್ಯೂಟೈಲ್ ಟೇಪ್, ಅಂದರೆ ಗಟ್ಟಿಯಾಗದೆ ಮೆತ್ತಗೇ ಉಳಿಯುವ ಅಂಟು ಪಟ್ಟಿ. ದಯವಿಟ್ಟು ನಾಲ್ಕನೇ ಬಣ್ಣದ ಸಿಲಿಕೋನ್ ಬೇಡ. ಹಳೇ ಸಿಲಿಕೋನ್ ಪದರ ಉಳಿದರೆ ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಬೇರೆ ಸೀಲೆಂಟೂ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಚಾಕುವಿನಿಂದ ಕೆರೆದು, ಉಳಿದದ್ದನ್ನು ಉಜ್ಜಿ ತೆಗೆಯಬೇಕು. ಬೇಸರದ ಕೆಲಸ, ಬೇರೆ ದಾರಿ ಇಲ್ಲ. ಬಲಗಡೆಯ ದೀಪವನ್ನೂ ಬಿಚ್ಚಿ ನೋಡಿ, ಅದಕ್ಕೂ ಅಷ್ಟೇ ವಯಸ್ಸು.

ಹತ್ತರ ಸ್ಪ್ಯಾನರ್:
ಈಗ ಛಾವಣಿ. ಹೊಸ ಸ್ಟ್ರಟ್ ತರಿಸುವ ಮೊದಲು ತೂಕ ನೋಡಿ. ಛಾವಣಿ ಪೂರ್ತಿ ಎತ್ತಿ, ಎರಡು ಕಡೆ ಗಟ್ಟಿ ಮರದ ಊರುಗೋಲು ಕೊಟ್ಟ ಮೇಲೆ ಮಾತ್ರ ಸ್ಟ್ರಟ್ ಬಿಚ್ಚಿ. ಆ ಮೇಲೆ ಸ್ಟ್ರಟ್ ತಾಗುವ ಸಾಲಿನ ನಡುವೆ ಒಂದು ಕಂಬ ಕೊಟ್ಟು, ಕಂಬದ ಕೆಳಗೆ ಮನೆಯ ತೂಕದ ಯಂತ್ರ ಇಡಿ. ಊರುಗೋಲು ಕೂದಲೆಳೆಯಷ್ಟು ಸಡಿಲವಾಗಲಿ, ತೆಗೆಯಬೇಡಿ. ಎಷ್ಟು ತೋರಿಸುತ್ತದೆ ಹೇಳಿ. ಸ್ಟ್ರಟ್ ಎಷ್ಟು ವಾಲಿದೆ ಅನ್ನುವುದೂ ಬೇಕು.

ಚಕ್ರದಮನೆ:
ಕ್ಯಾರಿಯರ್, ಪ್ಯಾನೆಲ್ ಸಮೇತ 46 ಕೆಜಿ. ಎರಡನ್ನೂ ಇಳಿಸಿ ನೋಡಿದರೆ 34. ಸ್ಟ್ರಟ್ ನೇರಕ್ಕಿಂತ ಸುಮಾರು 30 ಡಿಗ್ರಿ ವಾಲಿದೆ.

ಹತ್ತರ ಸ್ಪ್ಯಾನರ್:
46 ಕೆಜಿ ಅಂದರೆ ಸುಮಾರು 450 ನ್ಯೂಟನ್, ಒಂದೊಂದು ಸ್ಟ್ರಟ್ಟಿಗೆ 225. 30 ಡಿಗ್ರಿ ವಾಲಿರುವುದರಿಂದ ಅದನ್ನು ಆ ಕೋನದ ಕೊಸೈನ್ 0.87ರಿಂದ ಭಾಗಿಸಬೇಕು, ಹತ್ತಿರ ಹತ್ತಿರ 260. ನಿಮ್ಮದು ಹೊಸದಿದ್ದಾಗಲೇ 250. ಅಂದರೆ ಹೊಸ ಸ್ಟ್ರಟ್ ಹಾಕಿದರೂ ಛಾವಣಿ ಇಳಿಯುತ್ತಿತ್ತು.

ಭಾರ ಇಳಿಸಿದರೆ ಒಂದೊಂದಕ್ಕೆ 192 ಸಾಕು. 250ರ ಹೊಸ ಜೊತೆ ಹಾಕಿ, ಚಳಿಗೂ ಉಳಿಕೆ ಇರುತ್ತದೆ. ಕ್ಯಾರಿಯರ್, ಪ್ಯಾನೆಲ್ ಮತ್ತೆ ಮೇಲೆ ಏರಿಸಬೇಡಿ. 350, 400 ಹಾಕಿಬಿಡೋಣ ಅಂತ ಆಸೆ ಆಗುತ್ತದೆ, ಬೇಡ. ಛಾವಣಿ ಮುಚ್ಚಿದಾಗ ಆ ಬಲವೆಲ್ಲ ಹಿಂಜ್ ಮತ್ತು ಕೊಕ್ಕೆಗಳ ಮೇಲೆ ಬೀಳುತ್ತದೆ, ಹಳೇ ಫೈಬರ್ ಬಿರಿಯುತ್ತದೆ. ಮುಚ್ಚಿದಾಗ ಸ್ಟ್ರಟ್ಟಿನ ತೆಳು ರಾಡ್ ಕೆಳಮುಖವಾಗಿ ಇರುವಂತೆ ಹಾಕಿ. ಒಳಗಿನ ಎಣ್ಣೆ ಸೀಲ್ ಹತ್ತಿರ ನಿಂತರೆ ಬಾಳಿಕೆ ಜಾಸ್ತಿ.

ಓಡಿಸುವ ಮೊದಲು ಇನ್ನು ನಾಲ್ಕು ಮಾತು. ಟೈರಿನ ಗೀರು ಇನ್ನೂ ಆಳ ಇದೆ ಅಂತ ನಂಬಬೇಡಿ, ಟೈರಿನ ಪಕ್ಕದಲ್ಲಿ ಅಚ್ಚಾದ ಕೋಡಿನ ಕೊನೆಯ ನಾಲ್ಕು ಅಂಕಿ ನೋಡಿ. 3516 ಇದ್ದರೆ 2016ರ 35ನೇ ವಾರದ್ದು. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು, ನೇರ ಗುಜರಿಗೆ. ಬ್ರೇಕ್ ಹೋಸ್, ಪೆಟ್ರೋಲ್ ಹೋಸ್ ಎಲ್ಲ ಬದಲಾಯಿಸಿ. ಈಗಿನ ಪೆಟ್ರೋಲಿನ ಎಥನಾಲ್ ಹಳೇ ರಬ್ಬರನ್ನು ಉಬ್ಬಿಸಿ ಬಿರಿಸುತ್ತದೆ. ಒಲೆಯ ಗ್ಯಾಸ್ ಪೈಪಿಗೆ ಸೋಪು ನೀರು ಹಚ್ಚಿ ಗುಳ್ಳೆ ನೋಡಿ. ಒಳಗೆ ಮಲಗುವ ಮೊದಲು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು.

ಚಕ್ರದಮನೆ:
ದೀಪ ಎರಡೂ ಕೂರಿಸಿದೆ, ಬಲಗಡೆಯದೂ ಅದೇ ಸ್ಥಿತಿಯಲ್ಲಿತ್ತು. ಪೈಪ್ ಪರೀಕ್ಷೆ ಮತ್ತೆ ಮಾಡಿದೆ, ಒಳಗೆ ಒಣ. ಛಾವಣಿ ಎತ್ತಿದಲ್ಲೇ ನಿಂತಿದೆ. ಆದರೆ ಬಿಸಿಲಿಗೆ ದೀಪದ ಅಂಚಿನಿಂದ ಬ್ಯೂಟೈಲ್ ಹೊರಗೆ ಉಕ್ಕುತ್ತಿದೆ. ತಪ್ಪಾಗಿದೆಯಾ?

ತುಕ್ಕುಶತ್ರು:
ಇಲ್ಲ, ಅದು ಹಾಗೇ. ಉಕ್ಕಿದ್ದನ್ನು ಪ್ಲಾಸ್ಟಿಕ್ ಚಾಕುವಿನಲ್ಲಿ ಕತ್ತರಿಸಿ, ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ. ಇನ್ನೊಂದೆರಡು ಬಿಸಿಲು ಕಂಡ ಮೇಲೆ ಉಕ್ಕುವುದು ನಿಲ್ಲುತ್ತದೆ. ಒಳಗೋಡೆಯ ಮೂಲೆ ಮಾತ್ರ ಒಂದು ಜೋರು ಮಳೆ ಆಗುವವರೆಗೆ ಮುಚ್ಚಬೇಡಿ.